ನೋಟಿನ ಮೇಲಿನ ಮುಖ, ನೋಟಿನ ಹಿಂದಿನ ಮಾತು



ನೋಟು ಎಂಬುದು ಕಾಗದಕ್ಕೆ ಇಳಿಸಿದ ವಚನ. ನಮ್ಮ ನೂರು ರೂಪಾಯಿಯ ನೋಟನ್ನೊಮ್ಮೆ ಎತ್ತಿ ನೋಡಿ. ಅದನ್ನು ತಂದವರಿಗೆ ನೂರು ರೂಪಾಯಿ ಕೊಡುತ್ತೇನೆಂದು ರಿಸರ್ವ್ ಬ್ಯಾಂಕಿನ ಗವರ್ನರು ಮಾತು ಕೊಟ್ಟು, ಕೆಳಗೆ ರುಜು ಹಾಕಿದ್ದಾರೆ. ಆ ಸಾಲನ್ನು ಓದುವವರು ವಿರಳ. ಎಲ್ಲರ ಕಣ್ಣಿಗೆ ಬೀಳುವುದು ಗಾಂಧೀಜಿಯವರ ಮುಖವೇ. ನೋಟಿಗೆ ಹೀಗೆ ಒಂದು ಮುಖವಿದೆ, ಒಂದು ಮಾತಿದೆ. ಇವೆರಡರಲ್ಲಿ ಯಾವುದು ಮೊದಲು, ಯಾವುದು ನಂತರ ಎಂಬುದು ಇಂದಿನ ಬರಹದ ವಿಷಯ.

ಇದಕ್ಕೊಂದು ನಿಮಿತ್ತವಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ನಾಣ್ಯ, ನೋಟುಗಳನ್ನು ಸಂಗ್ರಹಿಸುವ ಹವ್ಯಾಸ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಹೊಸದಾಗಿ ಸ್ವತಂತ್ರವಾದ ದೇಶಗಳು ಹೊರತಂದ ನೋಟುಗಳದೇ ಒಂದು ಆಲ್ಬಮ್ಮನ್ನು ಮಾಡಿಟ್ಟಿದ್ದಾನೆ. ಅದನ್ನು ಕೆಲವು ದಿನ ನನ್ನಲ್ಲಿ ಬಿಟ್ಟುಹೋಗುವಾಗ, "ಸರ್, ಎಷ್ಟು ಚೆಂದದ ಚಿತ್ರಗಳು ನೋಡಿ, ಇವುಗಳ ಬಗ್ಗೆ ನೀವು ಬರೆಯಲೇಬೇಕು" ಎಂದ. ಚಿತ್ರಗಳು ಚೆಂದವಾಗಿರುವುದು ನಿಜ. ಆದರೆ ಆ ಹಾಳೆಗಳನ್ನು ತಿರುವುತ್ತ ಹೋದಂತೆ ನನ್ನ ಮನಸ್ಸನ್ನು ಕಾಡಿದ್ದು ಚಿತ್ರಗಳಲ್ಲ, ಆ ನೋಟುಗಳನ್ನು ನಂಬಿ ಬದುಕಿದ ಜನ.

ನಿಮ್ಮಲ್ಲಿ 1992ರ ಆಸುಪಾಸಿನಲ್ಲಿ ಹತ್ತನೆಯ ತರಗತಿಯಲ್ಲಿದ್ದವರಿಗೆ ನೆನಪಿರಬಹುದು. ತರಗತಿಯ ಗೋಡೆಯ ಮೇಲಿದ್ದ ಭೂಪಟದಲ್ಲಿ ಸೋವಿಯತ್ ಒಕ್ಕೂಟ ಆಗಲೂ ಒಂದೇ ಬಣ್ಣದ ಒಂದೇ ದೇಶವಾಗಿತ್ತು. ಹೊಸ ಭೂಪಟ ಬರುವವರೆಗೆ ಆ ಒಂದೇ ಬಣ್ಣದ ಮೇಲೆ ಕೋಲನ್ನಾಡಿಸುತ್ತ ಹದಿನೈದು ದೇಶಗಳ ಹೆಸರನ್ನು ನಿಮ್ಮಿಂದ ಹೇಳಿಸುತ್ತಿದ್ದೆ. ಎಸ್ಟೋನಿಯಾದಿಂದ ಆರಂಭಿಸಿದವರು ಕಿರ್ಗಿಸ್ತಾನಕ್ಕೆ ಬರುವಷ್ಟರಲ್ಲಿ ತೊದಲುತ್ತಿದ್ದಿರಿ. ಇನ್ನೂ ಹಿಂದಿನ ತಂಡದವರಿಗಾದರೋ ಸೋವಿಯತ್ ದೇಶವೆಂದರೆ 'ಸೋವಿಯತ್ ಲ್ಯಾಂಡ್' ಪತ್ರಿಕೆಯ ನುಣುಪಾದ ಹಾಳೆ. ಪಠ್ಯಪುಸ್ತಕಕ್ಕೆ ಬೈಂಡ್ ಹಾಕಲು ಅದಕ್ಕಿಂತ ಒಳ್ಳೆಯ ಕಾಗದ ಊರಿನಲ್ಲಿ ಇರಲಿಲ್ಲ.

1961ರಲ್ಲಿ ಚಲಾವಣೆಗೆ ಬಂದ ಸೋವಿಯತ್ ರೂಬಲ್ ನೋಟುಗಳನ್ನು ನೋಡಿದರೆ ನಮಗೆ ಒಂದು ಸಂಗತಿ ಬಹಳ ಪರಿಚಿತವೆನಿಸುತ್ತದೆ. ಹತ್ತು, ಇಪ್ಪತ್ತೈದು, ಐವತ್ತು ಮತ್ತು ನೂರು ರೂಬಲ್‌ಗಳ ನೋಟಿನ ಮೇಲೆ ಲೆನಿನ್ನರ ಚಿತ್ರವಿತ್ತು. ನೋಟಿನ ಮೌಲ್ಯವನ್ನು ರಷ್ಯನ್ ಭಾಷೆಯಲ್ಲಿ ದೊಡ್ಡದಾಗಿಯೂ ಉಳಿದ ಹದಿನಾಲ್ಕು ಗಣರಾಜ್ಯಗಳ ಭಾಷೆಗಳಲ್ಲಿ ಸಣ್ಣದಾಗಿಯೂ ಅಚ್ಚು ಹಾಕುತ್ತಿದ್ದರು. ಒಟ್ಟು ಹದಿನೈದು ಭಾಷೆ. ನಮ್ಮ ನೋಟಿನ ಹಿಂಬದಿಯ ಭಾಷಾಪಟ್ಟಿಯಲ್ಲಿಯೂ ಹದಿನೈದು ಭಾಷೆಗಳಿವೆ. ಮೇಲಿನಿಂದ ನಾಲ್ಕನೆಯದು ನಮ್ಮ ಕನ್ನಡ. ಹದಿನೈದು ಸಾಲುಗಳಲ್ಲಿ ಹದಿನೈದು ಜನಸಮುದಾಯಗಳಿಗೆ ಕೊಟ್ಟ ಮಾತು ಅದು. ಆ ಮಾತು ಅಲ್ಲಿ ಹೇಗೆ ಮುರಿಯಿತೆಂಬುದನ್ನು ಮೊದಲು ತಿಳಿಯೋಣ.

1991ರ ಜನವರಿ 22ರ ರಾತ್ರಿ ಸೋವಿಯತ್ ದೂರದರ್ಶನದಲ್ಲಿ ಒಂದು ಪ್ರಕಟಣೆ ಬಂತು. ಐವತ್ತು ಮತ್ತು ನೂರು ರೂಬಲ್‌ಗಳ 1961ರ ನೋಟುಗಳು ಇನ್ನು ನಡೆಯುವುದಿಲ್ಲ. ಅವುಗಳನ್ನು ಬದಲಿಸಿಕೊಳ್ಳಲು ಮೂರು ದಿನಗಳ ಅವಕಾಶ, ಅದೂ ಒಬ್ಬರಿಗೆ ಒಂದು ಸಾವಿರ ರೂಬಲ್ ಮಿತಿಯೊಳಗೆ. ಉಳಿತಾಯ ಖಾತೆಯಿಂದ ತಿಂಗಳಿಗೆ ಐನೂರು ರೂಬಲ್‌ಗಿಂತ ಹೆಚ್ಚು ತೆಗೆಯುವಂತಿಲ್ಲ. ಆಗಿನ ಪ್ರಧಾನಮಂತ್ರಿ ವ್ಯಾಲೆಂಟಿನ್ ಪಾವ್ಲೊವ್ ಅವರ ಹೆಸರಿನಿಂದಲೇ ಈ ಕ್ರಮವನ್ನು ಜನ ಇಂದಿಗೂ ಕರೆಯುತ್ತಾರೆ. 2016ರ ನವೆಂಬರ್ 8ರ ರಾತ್ರಿಯನ್ನು ಕಂಡ ನಮಗೆ ಆ ಸರದಿಯ ಸಾಲುಗಳನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ನಮಗೆ ಬ್ಯಾಂಕಿಗೆ ಕಟ್ಟಲು ಡಿಸೆಂಬರ್ ಕೊನೆಯವರೆಗೆ ಸಮಯವಿತ್ತು. ಅವರಿಗಿದ್ದದ್ದು ಮೂರೇ ದಿನ.

ಅದೇ ವರ್ಷದ ಡಿಸೆಂಬರಿನಲ್ಲಿ ಒಕ್ಕೂಟವೇ ಇಲ್ಲವಾಯಿತು. ಹದಿನೈದು ದೇಶಗಳಾದವು, ಆದರೆ ಹಣ ಒಂದೇ ಉಳಿಯಿತು. ಅಣ್ಣತಮ್ಮಂದಿರು ಬೇರೆಯಾಗಿ ಒಲೆ ಹೂಡಿದ ಮೇಲೂ ಕಣಜ ಮಾತ್ರ ಒಂದೇ ಉಳಿದರೆ ಏನಾಗುತ್ತದೆ? ಕಣಜದ ಬೀಗದ ಕೈ ಹಿರಿಯಣ್ಣನ ಸೊಂಟದಲ್ಲಿ. ಆದರೆ ಇಷ್ಟು ಪಲ್ಲ ಕೊಡಿ ಎಂದು ಚೀಟಿ ಬರೆಯುವ ಅಧಿಕಾರ ಎಲ್ಲ ತಮ್ಮಂದಿರಿಗೂ ಇದೆ. ಅಲ್ಲಿ ಆದದ್ದು ಇದೇ. ನೋಟು ಅಚ್ಚು ಹಾಕುವ ಮುದ್ರಣಾಲಯಗಳೆಲ್ಲ ರಷ್ಯಾದಲ್ಲಿದ್ದವು. ಆದರೆ ಪ್ರತಿಯೊಂದು ದೇಶದ ಕೇಂದ್ರ ಬ್ಯಾಂಕೂ ತನ್ನ ಕಾರ್ಖಾನೆಗಳಿಗೆ ರೂಬಲ್‌ಗಳಲ್ಲಿ ಸಾಲ ಬರೆದು ಕೊಡಬಹುದಿತ್ತು. ಎಲ್ಲರೂ ಬರೆದರು. ಲೆಕ್ಕದ ಪುಸ್ತಕದಲ್ಲಿ ಹಣ ಉಕ್ಕಿತು. ಸಂಬಳ ಬಟವಾಡೆ ಮಾಡಲು ಮಾತ್ರ ಕೈಯಲ್ಲಿ ನೋಟಿರಲಿಲ್ಲ. ನಮ್ಮ ಮೈಸೂರಿನಲ್ಲೊಂದು ನೋಟು ಮುದ್ರಣಾಲಯವಿದೆ. ಅದರ ಮುಂದೆ ಹಾದುಹೋಗುವಾಗ, ಒಂದು ದೇಶಕ್ಕೆ ತನ್ನದೇ ಅಚ್ಚುಯಂತ್ರವಿರುವುದು ಎಷ್ಟು ದೊಡ್ಡ ಸಂಗತಿಯೆಂದು ನಾವು ಯೋಚಿಸುವುದೇ ಇಲ್ಲ.

1992ರ ಜನವರಿ 2ರಂದು ರಷ್ಯಾ ಬೆಲೆಗಳ ಮೇಲಿನ ಹಿಡಿತವನ್ನು ಸಡಿಲಿಸಿತು. ಆ ಒಂದು ವರ್ಷದಲ್ಲಿ ಅಲ್ಲಿ ಬೆಲೆಗಳು ಸುಮಾರು ಇಪ್ಪತ್ತಾರು ಪಟ್ಟಾದವು. ನನ್ನಂಥ ನಿವೃತ್ತನಿಗೆ ಈ ಅಂಕಿಯ ಅರ್ಥ ಬೇರೆ ಬಗೆಯಲ್ಲಿ ತಿಳಿಯುತ್ತದೆ. ಮೂವತ್ತು ವರ್ಷ ಪಾಠ ಹೇಳಿ, ತಿಂಗಳು ತಿಂಗಳೂ ಉಳಿಸಿ, ಉಳಿತಾಯ ಬ್ಯಾಂಕಿನಲ್ಲಿ ಐದು ಸಾವಿರ ರೂಬಲ್ ಇಟ್ಟ ಒಬ್ಬ ಶಿಕ್ಷಕಿಯನ್ನು ಊಹಿಸಿಕೊಳ್ಳಿ. ವರ್ಷದ ಕೊನೆಗೆ ಆಕೆಯ ಪಾಸ್‌ಬುಕ್ಕಿನಲ್ಲಿ ಐದು ಸಾವಿರವೇ ಇದೆ. ಯಾರೂ ಕದಿಯಲಿಲ್ಲ, ಬಾಗಿಲು ಒಡೆಯಲಿಲ್ಲ. ಆದರೆ ಆ ಐದು ಸಾವಿರದ ಕೊಳ್ಳುವ ಶಕ್ತಿ ಹಿಂದಿನ ಇನ್ನೂರು ರೂಬಲ್‌ನಷ್ಟೂ ಉಳಿದಿಲ್ಲ. ಇದು ಒಬ್ಬ ಶಿಕ್ಷಕಿಯ ಕಥೆಯಲ್ಲ. ಒಂದು ಇಡೀ ತಲೆಮಾರಿನ ಹಿರಿಯರ ಗತಿ ಇದಾಯಿತು.

ಕಡೆಯ ಪೆಟ್ಟು ಬಿದ್ದದ್ದು 1993ರ ಜುಲೈನಲ್ಲಿ. ಹಳೆಯ ಸೋವಿಯತ್ ನೋಟುಗಳನ್ನೆಲ್ಲ ರಷ್ಯಾ ತಟ್ಟನೆ ರದ್ದುಪಡಿಸಿ, ತನ್ನ ಹೊಸ ನೋಟುಗಳನ್ನಷ್ಟೇ ಮಾನ್ಯ ಮಾಡಿತು. ಆಗಲೂ ರೂಬಲ್ ಬಳಸುತ್ತಿದ್ದ ದೇಶಗಳಿಗೆ ರದ್ದಾದ ಕಾಗದ ಪ್ರವಾಹದಂತೆ ನುಗ್ಗಿತು. ಅವುಗಳಿಗೆ ಬೇರೆ ದಾರಿ ಉಳಿಯಲಿಲ್ಲ. 1993ರ ನವೆಂಬರ್ ತಿಂಗಳೊಂದರಲ್ಲೇ ಐದು ದೇಶಗಳು ಸ್ವಂತ ಹಣವನ್ನು ಹೊರತಂದವು: 1ರಂದು ತುರ್ಕಮೆನಿಸ್ತಾನ, 15ರಂದು ಕಜಾಕಸ್ತಾನ ಮತ್ತು ಉಜ್ಬೇಕಿಸ್ತಾನ, 22ರಂದು ಅರ್ಮೇನಿಯಾ, 29ರಂದು ಮಾಲ್ಡೋವಾ. ಕಜಾಕಸ್ತಾನದ ತೆಂಗೆ ನೋಟುಗಳು ಇಂಗ್ಲೆಂಡಿನಲ್ಲಿ ಅಚ್ಚಾಗಿ, ಗುಟ್ಟಾಗಿ ವಿಮಾನಗಳಲ್ಲಿ ಬಂದಿಳಿದವು. ನವೆಂಬರ್ 15 ಇಂದಿಗೂ ಅಲ್ಲಿ ರಾಷ್ಟ್ರೀಯ ಹಣದ ದಿನ.

ಹೊಸ ನೋಟು ಎಂದಾಕ್ಷಣ ರಾಜರು, ಕವಿಗಳು ಅದರ ಮೇಲೆ ವಿರಾಜಮಾನರಾಗಿದ್ದರೆಂದು ತಿಳಿಯಬೇಡಿ. ಬಹಳ ಕಡೆ ಮೊದಲು ಬಂದದ್ದು ತಾತ್ಕಾಲಿಕ ಚೀಟಿಗಳು. ಲಿಥುವೇನಿಯಾದ 1992ರ 'ತಲೋನಾಸ್' ಚೀಟಿಗಳ ಮೇಲೆ ಪ್ರಾಣಿ ಪಕ್ಷಿಗಳ ಚಿತ್ರವಿತ್ತು. ಜನ ಅವನ್ನು ಮೃಗಾಲಯದ ಟಿಕೇಟು ಎಂದು ಹಾಸ್ಯ ಮಾಡಿದರು. ಲಾಟ್ವಿಯಾದ ತಾತ್ಕಾಲಿಕ ರೂಬಲಿಗೆ ಅಲ್ಲಿನ ಕೇಂದ್ರ ಬ್ಯಾಂಕಿನ ಮುಖ್ಯಸ್ಥ ಐನಾರ್ಸ್ ರೆಪ್ಶೆಯವರ ಹೆಸರಿನಿಂದ 'ರೆಪ್ಶಿಕಿ' ಎಂಬ ಅಡ್ಡಹೆಸರು ಬಿತ್ತು. ಬೆಲಾರುಸ್‌ನ ಐವತ್ತು ಕೊಪೆಕ್ ಚೀಟಿಯ ಮೇಲೆ ಅಳಿಲು, ಒಂದು ರೂಬಲಿನ ಮೇಲೆ ಮೊಲ, ಮೂರರ ಮೇಲೆ ನೀರುನಾಯಿಯಂಥ ಬೀವರ್, ಐದರ ಮೇಲೆ ತೋಳ, ನೂರರ ಮೇಲೆ ಕಾಡುಕೋಣದ ಜಾತಿಯ ಬೈಸನ್. ಮೊಲದ ದೆಸೆಯಿಂದ ಅಲ್ಲಿಯ ಹಣಕ್ಕೇ 'ಮೊಲದ ಮರಿ' ಎಂಬ ಹೆಸರು ಅಂಟಿಕೊಂಡಿತು.

ಈ ಚೀಟಿಗಳನ್ನು ನೋಡಿ ನಗುವವರಿದ್ದಾರೆ. ನನಗೆ ಅವು ಪ್ರಾಮಾಣಿಕವಾಗಿ ಕಾಣುತ್ತವೆ. ನಾಳೆ ಬೆಲೆ ಕಳೆದುಕೊಳ್ಳಬಹುದಾದ ಕಾಗದದ ಮೇಲೆ ಹಿರಿಯರ ಮುಖವನ್ನು ಅಚ್ಚು ಹಾಕುವುದಕ್ಕಿಂತ ಮೊಲವೊಂದನ್ನು ಅಚ್ಚು ಹಾಕುವುದು ಮೇಲಲ್ಲವೆ? ಮೊಲಕ್ಕೆ ಮಾನಹಾನಿಯ ಭಯವಿಲ್ಲ.

ಈ ವಿವೇಕವನ್ನು ಅತ್ಯಂತ ಸ್ಪಷ್ಟವಾಗಿ ತೋರಿದ್ದು ಉಕ್ರೇನ್ ಎಂದು ನನ್ನ ಅಭಿಪ್ರಾಯ. ಕೀವ್ ನಗರದ ಪ್ರಾಚೀನ ರಾಜ್ಯದ ಕಾಲದ 'ಹ್ರಿವ್ನಿಯಾ' ಎಂಬ ಹೆಸರನ್ನು ತಮ್ಮ ಹಣಕ್ಕೆ ಇಡಬೇಕೆಂದು ಅವರು ನಿಶ್ಚಯಿಸಿದ್ದರು. ನೋಟುಗಳು 1992ರಲ್ಲಿಯೇ ಕೆನಡಾದಲ್ಲಿ ಅಚ್ಚಾದವು. ಪ್ರಾಚೀನ ಅರಸರಾದ ವೊಲೊದಿಮಿರ್ ಮತ್ತು ಯಾರೊಸ್ಲಾವ್, ಸಾಹಿತಿ ಇವಾನ್ ಫ್ರಾಂಕೊ, ಇತಿಹಾಸಕಾರ ಹ್ರುಶೆವ್‌ಸ್ಕಿ, ಮಹಾಕವಿ ತಾರಾಸ್ ಶೆವ್ಚೆಂಕೊ ಮುಂತಾದವರು ಆ ಮಾಲೆಯಲ್ಲಿದ್ದರು. ಆದರೆ ಆ ನೋಟುಗಳನ್ನು ಕೂಡಲೇ ಹೊರಗೆ ಬಿಡಲಿಲ್ಲ. ಬದಲಿಗೆ 'ಕಾರ್ಬೊವನೆತ್ಸ್' ಎಂಬ ತಾತ್ಕಾಲಿಕ ಕೂಪನ್ನನ್ನು ಚಲಾವಣೆಗೆ ತಂದರು. ಅದರ ಗತಿ ಏನಾಯಿತು? 1993ರಲ್ಲಿ ಬೆಲೆಯೇರಿಕೆ ಶೇಕಡಾ ಹತ್ತು ಸಾವಿರವನ್ನು ದಾಟಿತು. ಅಂದರೆ ವರ್ಷದ ಆರಂಭದಲ್ಲಿ ಒಂದಕ್ಕೆ ಸಿಗುತ್ತಿದ್ದುದಕ್ಕೆ ಕೊನೆಯಲ್ಲಿ ನೂರಕ್ಕೂ ಹೆಚ್ಚು ತೆರಬೇಕಾಯಿತು. 1995ರ ವೇಳೆಗೆ ಹತ್ತು ಲಕ್ಷದ ನೋಟು ಬಂತು. ಸಾಮಾನ್ಯ ಮನುಷ್ಯ ಲಕ್ಷಾಧೀಶನೂ ಹೌದು, ಬಡವನೂ ಹೌದು.

ಈ ಬೆಂಕಿ ಆರುವವರೆಗೆ ಶೆವ್ಚೆಂಕೊ ಪೆಟ್ಟಿಗೆಯೊಳಗೆ ಕಾದರು. 1996ರ ಸೆಪ್ಟೆಂಬರ್ 2ರಿಂದ 16ರವರೆಗೆ ಒಂದು ಲಕ್ಷ ಕಾರ್ಬೊವನೆತ್ಸಿಗೆ ಒಂದು ಹ್ರಿವ್ನಿಯಾದಂತೆ ವಿನಿಮಯ ನಡೆಯಿತು. ಪಾವ್ಲೊವ್ ಕಾಲದ ಹಾಗೆ ಮೂರು ದಿನದ ಗಡುವೂ ಇರಲಿಲ್ಲ, ಜನರ ಹಣವನ್ನು ಮುಟ್ಟುಗೋಲು ಹಾಕಿಕೊಳ್ಳುವ ಉಪಾಯವೂ ಇರಲಿಲ್ಲ. ಆಗ ಕೇಂದ್ರ ಬ್ಯಾಂಕಿನ ಮುಖ್ಯಸ್ಥರಾಗಿದ್ದ ವಿಕ್ಟರ್ ಯುಶ್ಚೆಂಕೊ ಮುಂದೆ ದೇಶದ ಅಧ್ಯಕ್ಷರೂ ಆದರು. ಅಂದು ಹೊರಬಂದ ಹಲವು ನೋಟುಗಳ ಮೇಲೆ 1992 ಎಂದೇ ಅಚ್ಚಾಗಿರುವುದನ್ನು ಈಗಲೂ ಕಾಣಬಹುದು. ಆ ಹಳೆಯ ತಾರೀಕನ್ನು ಕೆಲವರು ಲೋಪವೆಂದು ತಿಳಿಯಬಹುದು. ನಾನು ಅದನ್ನು ನಾಲ್ಕು ವರ್ಷದ ಸಂಯಮದ ಗುರುತೆಂದು ಓದುತ್ತೇನೆ. ಮನೆಯಲ್ಲಿ ಮೈಲಿಗೆಯ ಕೆಲಸ ಮುಗಿಯುವವರೆಗೆ ಪಟ್ಟೆಸೀರೆಯನ್ನು ಪೆಟ್ಟಿಗೆಯಿಂದ ತೆಗೆಯುತ್ತೇವೆಯೆ?

ಹ್ರಿವ್ನಿಯಾ ಮುಂದೆ ಎಂದೂ ಕುಸಿಯಲಿಲ್ಲವೆಂದು ನಾನು ಹೇಳುತ್ತಿಲ್ಲ. ಆರಂಭದಲ್ಲಿ ಒಂದು ಡಾಲರಿಗೆ 1.76ರಷ್ಟಿದ್ದುದು ಈಗ ನಲವತ್ತನ್ನು ದಾಟಿದೆ. ನಡುವೆ ಆರ್ಥಿಕ ಮುಗ್ಗಟ್ಟುಗಳು ಬಂದವು, ಯುದ್ಧ ಬಂತು. ನಾನು ಹೇಳುತ್ತಿರುವುದು ಕ್ರಮದ ಮಾತು. ಮೊದಲು ಮಾತನ್ನು ಉಳಿಸಿಕೊಳ್ಳುವ ಯೋಗ್ಯತೆಯನ್ನು ಸಂಪಾದಿಸಬೇಕು, ಆಮೇಲೆ ಪೂಜ್ಯರ ಮುಖವನ್ನು ಅದಕ್ಕೆ ಸಾಕ್ಷಿಯಾಗಿ ಕರೆಯಬೇಕು.

ಮಾತನ್ನು ಅಕ್ಷರಶಃ ಉಳಿಸಿಕೊಂಡ ಉದಾಹರಣೆಯೂ ಅದೇ ಆಲ್ಬಮ್ಮಿನಲ್ಲಿದೆ. ನಮ್ಮ ಬೆಂಗಳೂರಿನ ಕೆಲವು ಬಡಾವಣೆಗಳ ಜನರನ್ನು ಒಟ್ಟುಗೂಡಿಸಿದರೆ ಆಗುವಷ್ಟೇ ಜನಸಂಖ್ಯೆಯ ಪುಟ್ಟ ದೇಶ ಎಸ್ಟೋನಿಯಾ. 1992ರ ಜೂನ್ 20ರಂದು ರೂಬಲಿಗೆ ವಿದಾಯ ಹೇಳಿ 'ಕ್ರೋನ್' ಎಂಬ ಸ್ವಂತ ಹಣವನ್ನು ತಂದಿತು. ಹತ್ತು ರೂಬಲಿಗೆ ಒಂದು ಕ್ರೋನ್. ತಲೆಗೆ 1,500 ರೂಬಲ್ ಮಿತಿ. ಅಂದರೆ ಪ್ರತಿಯೊಬ್ಬರೂ ಕೈಯಲ್ಲಿ ನೂರೈವತ್ತು ಕ್ರೋನ್ ಹಿಡಿದು ಹೊಸ ಬದುಕನ್ನು ಆರಂಭಿಸಿದರು. ಎಂಟು ಕ್ರೋನಿಗೆ ಒಂದು ಜರ್ಮನ್ ಮಾರ್ಕ್ ಎಂದು ಕಾನೂನಿನಲ್ಲಿಯೇ ಬರೆದುಕೊಂಡರು. ಬೆನ್ನಿಗೆ ಚಿನ್ನವೋ ವಿದೇಶಿ ಹಣವೋ ಇಲ್ಲದೆ ಒಂದು ಕ್ರೋನನ್ನೂ ಹೊರಡಿಸುವಂತಿಲ್ಲವೆಂದು ಕಟ್ಟು ಹಾಕಿಕೊಂಡರು.

ಆ ಚಿನ್ನದ ಕಥೆಯೂ ಸ್ವಾರಸ್ಯವಾದದ್ದು. 1940ರಲ್ಲಿ ಸೋವಿಯತ್ ಒಕ್ಕೂಟ ಬಾಲ್ಟಿಕ್ ದೇಶಗಳನ್ನು ಕಬಳಿಸುವ ಮೊದಲು ಅವು ತಮ್ಮ ಚಿನ್ನವನ್ನು ಪಶ್ಚಿಮದ ಬ್ಯಾಂಕುಗಳಲ್ಲಿ ಇಟ್ಟಿದ್ದವು. ಬ್ರಿಟನ್ ತನ್ನಲ್ಲಿದ್ದ ಪಾಲನ್ನು 1960ರ ದಶಕದಲ್ಲಿ ಮಾರಿಬಿಟ್ಟಿತ್ತು. ದೇಶಗಳೇ ಭೂಪಟದಲ್ಲಿ ಇಲ್ಲ, ಇನ್ನು ಕೇಳುವವರು ಯಾರು? ಆದರೆ ಅವು ಮತ್ತೆ ಹುಟ್ಟಿ ಬಂದು ಕೇಳಿದವು. 1992ರಲ್ಲಿ ಬ್ರಿಟನ್ ಅಷ್ಟೇ ಚಿನ್ನವನ್ನು ಹಿಂದಿರುಗಿಸಿತು. ಐವತ್ತು ವರ್ಷ ಹಳೆಯ ಠೇವಣಿ ವಾರಸುದಾರರ ಕೈ ಸೇರಿತು.

ಕ್ರೋನಿನ ದರ ಕದಲಲಿಲ್ಲ. ಜರ್ಮನ್ ಮಾರ್ಕ್ ಮಾಯವಾಗಿ ಯೂರೋ ಬಂದಾಗ ಅದೇ ಲೆಕ್ಕ ಒಂದು ಯೂರೋಗೆ 15.6466 ಕ್ರೋನ್ ಎಂದಾಯಿತು. 2011ರ ಜನವರಿ 1ರಂದು ಎಸ್ಟೋನಿಯಾ ಯೂರೋವನ್ನು ಒಪ್ಪಿಕೊಂಡಾಗ ಅದೇ 15.6466ರ ದರದಲ್ಲಿಯೇ ಜನ ತಮ್ಮ ಕ್ರೋನುಗಳನ್ನು ಬದಲಿಸಿಕೊಂಡರು. ಹದಿನೆಂಟೂವರೆ ವರ್ಷ ಒಂದೇ ಮಾತು. ಸರ್ಕಾರಗಳು ಬಂದವು, ಹೋದವು, ಮಾತು ಉಳಿಯಿತು. ಪುಣ್ಯಕೋಟಿಯ ಕಥೆಯನ್ನು ಕೇಳಿ ಬೆಳೆದ ನಮಗೆ ಇದರ ಬೆಲೆಯನ್ನು ಯಾರೂ ವಿವರಿಸಬೇಕಾಗಿಲ್ಲ.

ಇಂತಹ ಮಾತಿಗೆ ಅವರು ಕರೆದ ಸಾಕ್ಷಿಗಳು ಯಾರು? ಐದು ಕ್ರೋನಿನ ಮೇಲೆ ಪೌಲ್ ಕೆರೆಸ್. ಚದುರಂಗದಲ್ಲಿ ವಿಶ್ವ ಪಟ್ಟದ ಹೊಸ್ತಿಲವರೆಗೆ ಹಲವು ಬಾರಿ ಬಂದು ಹಿಂದಿರುಗಿದ ಆಟಗಾರ. ಹತ್ತರ ಮೇಲೆ ಜಾನಪದ ಸಂಗ್ರಾಹಕ ಯಾಕೋಬ್ ಹುರ್ಟ್. ಇಪ್ಪತ್ತೈದರ ಮೇಲೆ ಕಾದಂಬರಿಕಾರ ತಾಮ್ಸಾರೆ. ನೂರರ ಮೇಲೆ ಕವಯಿತ್ರಿ ಲಿಡಿಯಾ ಕೊಯ್ಡುಲಾ. ಈ ನಾಲ್ವರಲ್ಲಿ ರಾಜನೂ ಇಲ್ಲ, ಸೇನಾಪತಿಯೂ ಇಲ್ಲ.

ನೆರೆಯ ಲಾಟ್ವಿಯಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರ 'ಲಾತ್ಸ್' ನೋಟುಗಳಲ್ಲಿ ನಿಜವಾಗಿ ಬದುಕಿದ್ದ ಒಬ್ಬನೇ ವ್ಯಕ್ತಿಯ ಚಿತ್ರವಿತ್ತು. ಅದು ನೂರು ಲಾತ್ಸ್ ನೋಟಿನ ಮೇಲಿನ ಕ್ರಿಶ್ಯಾನಿಸ್ ಬಾರೊನ್ಸ್ ಅವರದು. ರಷ್ಯಾದಲ್ಲಿ ಶ್ರೀಮಂತರ ಮನೆಯ ಮಕ್ಕಳಿಗೆ ಪಾಠ ಹೇಳುತ್ತ, ತನ್ನ ಜನರ ನಾಲ್ಕು ಸಾಲಿನ ಹಾಡುಗಳನ್ನು ಚಿಕ್ಕ ಚಿಕ್ಕ ಚೀಟಿಗಳಲ್ಲಿ ಬರೆದು, ಖಾನೆಗಳಿದ್ದ ಬೀರುವಿನಲ್ಲಿ ವಿಂಗಡಿಸಿಟ್ಟ ಮನುಷ್ಯ. 1894ರಿಂದ 1915ರವರೆಗೆ ಅಚ್ಚಾದ ಅವರ ಸಂಪುಟಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹಾಡುಗಳಿವೆ. ಆ ಬೀರು 2001ರಲ್ಲಿ ಯುನೆಸ್ಕೋದ ವಿಶ್ವಸ್ಮೃತಿ ಪಟ್ಟಿಗೆ ಸೇರಿತು. ನಮ್ಮ ಹಲಸಂಗಿಯ ಗೆಳೆಯರು ಬೀಸುಕಲ್ಲಿನ ಮುಂದೆ ಕುಳಿತು ಗರತಿಯರ ಹಾಡುಗಳನ್ನು ಬರೆದುಕೊಂಡದ್ದನ್ನು ಬಲ್ಲವರಿಗೆ ಬಾರೊನ್ಸ್ ಪರಕೀಯರಾಗಿ ಕಾಣಲಾರರು.

ಲಿಥುವೇನಿಯಾದ ಐದು 'ಲಿತಾಸ್' ನೋಟನ್ನು ಮಾತ್ರ ನಾನು ಬಹಳ ಹೊತ್ತು ಹಿಡಿದು ಕುಳಿತೆ. ಮುಂಬದಿಯಲ್ಲಿ ಯೋನಾಸ್ ಯಬ್ಲೊನ್‌ಸ್ಕಿಸ್. ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಲೇ ಲಿಥುವೇನಿಯನ್ ಭಾಷೆಗೆ ವ್ಯಾಕರಣವನ್ನು ಕಟ್ಟಿಕೊಟ್ಟ ವಿದ್ವಾಂಸ. ಹಿಂಬದಿಯಲ್ಲಿ ಪೆಟ್ರಾಸ್ ರಿಮ್ಶಾ ಎಂಬ ಶಿಲ್ಪಿಯ ಕೃತಿ. ಒಬ್ಬ ತಾಯಿ ರಾಟೆಯ ಮುಂದೆ ಕುಳಿತು ನೂಲುತ್ತಿದ್ದಾಳೆ. ಪಕ್ಕದಲ್ಲಿ ಮಗು ಪುಸ್ತಕ ಹಿಡಿದು ಓದುತ್ತಿದೆ. ರಷ್ಯಾದ ಚಕ್ರವರ್ತಿಯ ಆಡಳಿತ 1860ರ ದಶಕದಿಂದ 1904ರವರೆಗೆ ಲಿಥುವೇನಿಯನ್ ಭಾಷೆಯನ್ನು ಲ್ಯಾಟಿನ್ ಲಿಪಿಯಲ್ಲಿ ಅಚ್ಚು ಹಾಕುವುದನ್ನು ನಿಷೇಧಿಸಿತ್ತು. ಗಡಿಯಾಚೆಯ ಪ್ರಷ್ಯಾದಲ್ಲಿ ಅಚ್ಚಾದ ಪುಸ್ತಕಗಳನ್ನು ಜನ ಪ್ರಾಣದ ಹಂಗು ತೊರೆದು ಕದ್ದು ತರುತ್ತಿದ್ದರು. ಶಾಲೆಯಲ್ಲಿ ಕಲಿಸುವಂತಿಲ್ಲದ ಅಕ್ಷರವನ್ನು ತಾಯಂದಿರು ರಾಟೆಯ ಮುಂದೆ ಕಲಿಸಿದರು. ಆ ತಾಯಿಗೆ ಬಿ.ಎಡ್. ಪದವಿ ಇರಲಿಲ್ಲ. ಆದರೂ ನಮ್ಮ ವೃತ್ತಿಗೆ ಇದಕ್ಕಿಂತ ದೊಡ್ಡ ಗೌರವ ಇನ್ನಾವ ದೇಶದ ಹಣದ ಮೇಲಾದರೂ ಸಿಕ್ಕಿದೆಯೋ ನಾನರಿಯೆ.

ಅದೇ ದೇಶದ ಇನ್ನೂರು ಲಿತಾಸ್ ನೋಟಿನ ಮೇಲಿದ್ದವರು ವಿದೂನಾಸ್. ಅವರೂ ಶಾಲಾ ಶಿಕ್ಷಕರೇ. ಭಾರತೀಯ ದರ್ಶನದಲ್ಲಿ ಆಳವಾದ ಆಸಕ್ತಿ ಬೆಳೆಸಿಕೊಂಡು, ಭಗವದ್ಗೀತೆಯನ್ನು ಲಿಥುವೇನಿಯನ್ ಭಾಷೆಗೆ ತಂದವರು.

ಕಿರ್ಗಿಸ್ತಾನದ ಹತ್ತು 'ಸೋಮ್' ನೋಟಿನ ಮೇಲೆ ಕಾಣುವ ಕಾಸಿಮ್ ತಿನಿಸ್ತಾನೊವ್ ತನ್ನ ಭಾಷೆಗೆ ವರ್ಣಮಾಲೆಯನ್ನೂ ಪಠ್ಯಪುಸ್ತಕಗಳನ್ನೂ ಸಿದ್ಧಪಡಿಸಿದವರು. 1938ರಲ್ಲಿ ಸ್ಟಾಲಿನ್ ಆಡಳಿತ ಅವರನ್ನು ಗುಂಡಿಟ್ಟು ಕೊಂದಿತು. ಐನೂರರ ಮೇಲೆ ಸಯಾಕ್‌ಬಾಯ್ ಕರಲಾಯೆವ್. 'ಮನಾಸ್' ಮಹಾಕಾವ್ಯದ ಐದು ಲಕ್ಷಕ್ಕೂ ಹೆಚ್ಚು ಸಾಲುಗಳನ್ನು ಬಾಯಿಂದ ಹಾಡಿದ ಗಾಯಕ. ಜಾರ್ಜಿಯಾದಲ್ಲಿ 1995ರಲ್ಲಿ ಹತ್ತು ಲಕ್ಷ ಕೂಪನ್ನಿಗೆ ಒಂದು 'ಲಾರಿ' ಎಂದು ಹೊಸ ಹಣ ಬಂದಾಗ, ಒಂದು ಲಾರಿಯ ನೋಟಿನ ಮೇಲೆ ಕಾಣಿಸಿಕೊಂಡವನು ನಿಕೊ ಪಿರೊಸ್ಮಾನಿ. ಮದ್ಯದಂಗಡಿಗಳಿಗೆ ಚಿತ್ರ, ಫಲಕ ಬರೆದು ಹೊಟ್ಟೆ ಹೊರೆದು, 1918ರಲ್ಲಿ ಕಡುಬಡತನದಲ್ಲಿ ತೀರಿಕೊಂಡ ಚಿತ್ರಕಾರ. ಬದುಕಿದ್ದಾಗ ಕೈಗೆ ಸಿಗದ ಹಣದ ಮೇಲೆ ಸತ್ತ ಮೇಲೆ ಬಂದು ಕುಳಿತ.

ಇನ್ನು ವ್ಯತಿರಿಕ್ತವಾದ ಉದಾಹರಣೆ. ತುರ್ಕಮೆನಿಸ್ತಾನ 1993ರಲ್ಲಿ 'ಮನಾತ್' ನೋಟುಗಳನ್ನು ತಂದಾಗ ದೊಡ್ಡ ಮೌಲ್ಯದ ನೋಟುಗಳ ಮೇಲೆಲ್ಲ ಅಧಿಕಾರದಲ್ಲಿದ್ದ ಅಧ್ಯಕ್ಷ ಸಪರ್ಮುರಾತ್ ನಿಯಾಜೊವ್ ಅವರ ಮುಖವೇ ಇತ್ತು. ಆರಂಭದಲ್ಲಿ ಎರಡು ಮನಾತಿಗೆ ಒಂದು ಡಾಲರ್ ಎನ್ನಲಾಗಿತ್ತು. 2006ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. 2009ರಲ್ಲಿ ಐದು ಸಾವಿರ ಹಳೆಯ ಮನಾತಿಗೆ ಒಂದು ಹೊಸ ಮನಾತ್ ಎಂದು ಲೆಕ್ಕ ಕಟ್ಟಬೇಕಾಯಿತು. ಹೊಸ ಮಾಲೆಯಲ್ಲಿ ಅವರ ಮುಖ ಐನೂರರ ನೋಟಿಗೆ ಮಾತ್ರ ಸೀಮಿತವಾಗಿ, ಉಳಿದವಕ್ಕೆ ಮಹಾಕವಿ ಮಗ್ತಿಮ್‌ಗುಲಿಯಂಥವರು ಬಂದರು. ಆಳುವವನು ತನ್ನ ಮುಖವನ್ನು ತಾನೇ ಅಚ್ಚು ಹಾಕಿಸಿಕೊಂಡರೆ ಅದು ವಚನಕ್ಕೆ ಸಾಕ್ಷಿಯಾಗುವುದಿಲ್ಲ. ಸಾಲ ಮಾಡಿದವನೇ ಸಾಲಪತ್ರಕ್ಕೆ ಸಾಕ್ಷಿ ಹಾಕಿದಂತಾಗುತ್ತದೆ.

ಇಲ್ಲಿ ನೀವೊಂದು ಆಕ್ಷೇಪ ಎತ್ತಬಹುದು. ಮಾತೇ ಮುಖ್ಯವಾದರೆ ಮುಖ ಯಾರದಾದರೇನು? ಬರೀ ಅಂಕಿ ಹಾಕಿದರೆ ಸಾಲದೆ? ಸಾಲದು ಎಂಬುದು ನನ್ನ ಉತ್ತರ. ನೋಟು ಓದುಬರಹ ಬಾರದವರ ಕೈಗೂ ಹೋಗುವ ಪುಸ್ತಕ. ಅದನ್ನು ಅಚ್ಚುಕಟ್ಟಾಗಿ ಮುದ್ರಿಸುವುದೂ ಜನರಿಗೆ ಸಲ್ಲಿಸುವ ಗೌರವವೇ. ಕಜಾಕಸ್ತಾನದ 2006ರ ಎರಡು ನೋಟುಗಳಲ್ಲಿ 'ಬ್ಯಾಂಕ್' ಎಂಬ ಪದದ ಕಾಗುಣಿತವೇ ತಪ್ಪಾಗಿತ್ತು, ಶಾಸಕರು ಪ್ರತಿಭಟಿಸಿದರು. ಬೆಲಾರುಸ್ 2016ರಲ್ಲಿ ನಾಲ್ಕು ಸೊನ್ನೆಗಳನ್ನು ಅಳಿಸಿ ಹೊಸ ನೋಟು ತಂದಿತು. ಅವು ವರ್ಷಗಳ ಹಿಂದೆಯೇ ಅಚ್ಚಾಗಿ ಕೂತಿದ್ದವು. ಅಷ್ಟರಲ್ಲಿ ಕಾಗುಣಿತದ ನಿಯಮ ಬದಲಾಗಿದ್ದರಿಂದ ಐವತ್ತರ ನೋಟಿನ ಮೇಲಿನ 'ಐವತ್ತು' ಎಂಬ ಪದದಲ್ಲಿ ಒಂದಕ್ಷರ ತಪ್ಪೆನಿಸಿತು. ಉಕ್ತಲೇಖನ ತಿದ್ದಿದ ಕೈಗೆ ಇಂಥವು ಥಟ್ಟನೆ ಕಾಣುತ್ತವೆ. ಆದರೆ ಕಾಗುಣಿತದ ತಪ್ಪನ್ನು ಮುಂದಿನ ಮುದ್ರಣದಲ್ಲಿ ತಿದ್ದಬಹುದು. ಕರಗಿಹೋದ ಉಳಿತಾಯವನ್ನು ತಿದ್ದಿಕೊಡುವ ಮುದ್ರಣವಿಲ್ಲ.

ಮಾತು ಉಳಿಸಿಕೊಳ್ಳುವುದಕ್ಕೆ ಬೆಲೆ ತೆರಬೇಕಾಗುತ್ತದೆ ಎಂಬುದನ್ನೂ ಮರೆಯಬಾರದು. 2008–09ರ ಆರ್ಥಿಕ ಮುಗ್ಗಟ್ಟಿನಲ್ಲಿ ಲಾಟ್ವಿಯಾ ತನ್ನ ಲಾತ್ಸಿನ ದರವನ್ನು ಇಳಿಸಲು ಒಪ್ಪಲಿಲ್ಲ. ಬದಲಿಗೆ ಸರ್ಕಾರಿ ಸಂಬಳಗಳಿಗೆ ಕತ್ತರಿ ಬಿತ್ತು. ಶಿಕ್ಷಕರ ಸಂಬಳಗಳೂ ಬಲವಾಗಿ ಕಡಿತಗೊಂಡವು, ಎಷ್ಟೋ ಶಾಲೆಗಳು ಮುಚ್ಚಿದವು. ಬಾರೊನ್ಸ್ ಅವರ ನೋಟಿನ ಮಾನ ಉಳಿಸಿದ ಹೊರೆಯನ್ನು ಬಾರೊನ್ಸ್ ಅವರ ವೃತ್ತಿಯವರೇ ಹೊತ್ತರು. ಅದು ನ್ಯಾಯವೇ ಎಂದು ಯಾರಾದರೂ ಕೇಳಿದರೆ ನಾನು ಹೌದೆನ್ನಲಾರೆ. ಹೊರೆಯನ್ನು ಎಲ್ಲರೂ ಸಮನಾಗಿ ಹೊರಬೇಕಿತ್ತು. ಆದರೆ ಮಾತನ್ನು ಮುರಿದಿದ್ದರೆ ಮೊದಲು ಮುಳುಗುತ್ತಿದ್ದವರೂ ಸಣ್ಣ ಉಳಿತಾಯದವರೇ ಎಂಬುದನ್ನು 1992ರ ರೂಬಲ್ ತೋರಿಸಿಕೊಟ್ಟಿದೆ.

ಇಂದು ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಮೂರೂ ದೇಶಗಳಲ್ಲಿ ಯೂರೋ ನಡೆಯುತ್ತಿದೆ. ಲಾಟ್ವಿಯಾ 2014ರಲ್ಲಿ, ಲಿಥುವೇನಿಯಾ 2015ರಲ್ಲಿ ಸ್ವಂತ ಹಣಕ್ಕೆ ವಿದಾಯ ಹೇಳಿದವು. ಕೆರೆಸ್, ಕೊಯ್ಡುಲಾ, ಬಾರೊನ್ಸ್, ರಾಟೆಯ ಮುಂದಿನ ತಾಯಿ ಎಲ್ಲರೂ ಚಲಾವಣೆಯಿಂದ ಹೊರಗಾಗಿ ಸಂಗ್ರಾಹಕರ ಆಲ್ಬಮ್ ಸೇರಿದ್ದಾರೆ. ಆದರೆ ಅವರನ್ನು ನಂಬಿ ದುಡ್ಡಿಟ್ಟವರು ಮೋಸಹೋಗಲಿಲ್ಲ. ಹೇಳಿದ ಲೆಕ್ಕಕ್ಕೆ ಹೇಳಿದಷ್ಟು ಯೂರೋ ಸಿಕ್ಕಿತು. ನೋಟೊಂದಕ್ಕೆ ಇದಕ್ಕಿಂತ ಮರ್ಯಾದೆಯ ಮರಣವಿಲ್ಲ.

ನಮ್ಮಲ್ಲಿಯೂ ಈಗ ತರಕಾರಿ ಅಂಗಡಿಯಲ್ಲಿ ಮೊಬೈಲು ತೋರಿಸಿದರೆ ಸಾಕು, ನೋಟು ಕೈಬದಲಾಗುವುದು ಕಡಿಮೆಯಾಗುತ್ತಿದೆ. ನನ್ನ ಮೊಮ್ಮಕ್ಕಳ ಕಾಲಕ್ಕೆ ಹಣಕ್ಕೆ ಮುಖವೇ ಇಲ್ಲದಿರಬಹುದು. ಆಗ ಉಳಿಯುವುದು ಮಾತೊಂದೇ. ಇಂದು ದುಡಿದು ಉಳಿಸಿದ್ದಕ್ಕೆ, ದುಡಿಯಲಾರದ ನಾಳೆಯಲ್ಲಿ ಅಷ್ಟೇ ಅಕ್ಕಿ, ಅಷ್ಟೇ ಔಷಧಿ ಸಿಗುತ್ತದೆಂಬ ಮಾತು. ನಿವೃತ್ತಿ ವೇತನದಲ್ಲಿ ಬದುಕುವವರೆಲ್ಲ ಆ ಮಾತಿನ ಮೇಲೆಯೇ ಬದುಕುತ್ತಿದ್ದೇವೆ.

ನಮ್ಮ ನೋಟಿನ ನಾಲ್ಕನೆಯ ಸಾಲಿನ ಬಗ್ಗೆಯೂ ಒಂದು ಮಾತು. ಸೋವಿಯತ್ ನೋಟಿನ ಮೇಲೆ ಸಣ್ಣಕ್ಷರದಲ್ಲಿದ್ದ ಭಾಷೆಗಳು ಮುಂದೆ ತಮ್ಮ ತಮ್ಮ ದೇಶದ ನೋಟುಗಳಲ್ಲಿ ದೊಡ್ಡಕ್ಷರಕ್ಕೆ ಬಂದವು. ಅವನ್ನು ಅಲ್ಲಿಯವರೆಗೆ ಕಾಪಾಡಿದ್ದು ನೋಟಿನ ಮೇಲಿನ ಆ ಸಣ್ಣ ಸಾಲಲ್ಲ. ಹಾಡು ಬರೆದುಕೊಂಡವರು, ವ್ಯಾಕರಣ ಕಟ್ಟಿದವರು, ರಾಟೆಯ ಮುಂದೆ ಅಕ್ಷರ ಕಲಿಸಿದವರು ಕಾಪಾಡಿದರು. ನೋಟಿನ ಮೇಲೆ ಕನ್ನಡವಿದೆಯೆಂದು ನಾವು ಹೆಮ್ಮೆಪಡುವುದು ಸಹಜ. ಹೊರದೇಶಗಳಲ್ಲಿರುವ ನನ್ನ ವಿದ್ಯಾರ್ಥಿಗಳು ಊರಿಗೆ ಬಂದಾಗ ತಮ್ಮ ಮಕ್ಕಳ ಕೈಗೆ ಒಂದು ನೋಟು ಕೊಟ್ಟು ಆ ಸಾಲನ್ನು ಓದಿಸಿ ನೋಡಲಿ. ಮಗು ಓದಿದರೆ ಆ ಸಾಲು ಬದುಕಿದೆಯೆಂದು ತಿಳಿಯೋಣ. ಓದಲಾಗದಿದ್ದರೆ ಮನೆಯಲ್ಲಿ ಒಂದು ಹಲಗೆ, ಒಂದು ಬಳಪ ತಂದಿಡಿ. ಉಳಿದದ್ದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ.

ಈ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇರೆಯಿದ್ದರೆ ಸಂಕೋಚವಿಲ್ಲದೆ ಬರೆಯಿರಿ. ತರಗತಿಯಲ್ಲಿ ಎದ್ದು ನಿಂತು ವಾದಿಸಿದವರನ್ನು ನಾನು ಎಂದೂ ಕೂರಿಸಿದವನಲ್ಲ.